ಕೊಳ್ಳೇಗಾಲ ಸೀಮೆಯ ಕಡವುಗಳೂ ದೋಣಿಯ ಪರವಾನಗಿಯೂ

ಕಾವೇರೀ ನದಿಯು ತಲಕಾಡನ್ನು ಬಿಟ್ಟು ಹೊಗೇನಕಲ್ಲನ್ನು ಸೇರುವವರೆಗೆ ಕೊಳ್ಳೇಗಾಲ, ಹನೂರು ತಾಲ್ಲೂಕುಗಳಿಗೆ ಬಹುಮಟ್ಟಿಗೆ ಎಲ್ಲೆಯಾಗಿ ಹರಿಯುತ್ತದೆ. ಯಳಂದೂರಿನ ಸುವರ್ಣಾವತಿಯೂ ಇದನ್ನೇ ಕೂಡುತ್ತದೆ. ಈ ಸೀಮೆಯ ದೇವಾಲಯಗಳನ್ನೂ ಪಾಳೆಯಪಟ್ಟುಗಳನ್ನೂ ಕುರಿತು ನಡೆದಷ್ಟು ವಿಚಾರವು, ಜನರು ಈ ಹೊಳೆಯನ್ನು ದಾಟುತ್ತಿದ್ದ ಕಡವುಗಳನ್ನು ಕುರಿತು ನಡೆದಿಲ್ಲ. ದೋಣಿಯ ಪರವಾನಗಿಯೆಂಬ ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ: ದಾಟಿಸಿ ಕೂಲಿ ಪಡೆಯುವ ಹಕ್ಕು ಒಂದು, ದೋಣಿ ಮುಳುಗಿದರೆ ಹೊರಬೇಕಾದ ಹೊಣೆ ಇನ್ನೊಂದು. ಎಲ್ಲೆಯ ಹೊಳೆಯಲ್ಲಿ ಹಕ್ಕನ್ನು ಕೇಳುವವರು ಇಬ್ಬರಾದರೆ ಹೊಣೆಯನ್ನು ಹೊರುವವರು ಯಾರೂ ಇಲ್ಲದಂತಾಗುವ ಸಂಭವವುಂಟೆಂದು ನಾವು ಭಾವಿಸುತ್ತೇವೆ.

ಇವೆರಡನ್ನೂ ಒಟ್ಟಿಗೆ ಕಂಡ ಪ್ರಾಚೀನ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಇದನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿಯೇ ಶೋಧಿಸಿ 1909ರಲ್ಲಿ ಪ್ರಕಟಿಸಿದರೆಂಬುದು ವಾಚಕರಿಗೆ ತಿಳಿದೇ ಇದೆ. ಅದರ ನಾವಧ್ಯಕ್ಷ ಪ್ರಕರಣದಲ್ಲಿ ದಾಟುಕೂಲಿಯ ದರಗಳು ಸ್ಪಷ್ಟವಾಗಿವೆ. ಹೊರೆ ಹೊತ್ತ ಮನುಷ್ಯನಿಗೂ ಸಣ್ಣ ಪಶುವಿಗೂ 1 ಮಾಷಕ, ಹಸುವಿಗೂ ಕುದುರೆಗೂ 2, ಒಂಟೆಗೂ ಎಮ್ಮೆಗೂ 4, ದೊಡ್ಡ ಗಾಡಿಗೆ 7. ಮಹಾನದಿಗಳಲ್ಲಿ ಇದರ ಇಮ್ಮಡಿ. ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು ಮೊದಲಾದವರಿಗೆ ಕೂಲಿಯಿಲ್ಲ. ಸದಾ ಹರಿಯುವ ಹೊಳೆಗೆ ದೊಡ್ಡ ನಾವೆ, ಮಳೆಗಾಲದ ಹೊಳೆಗೆ ಸಣ್ಣದು ಎಂದೂ ವಿಧಿಯುಂಟು. ಕಾವೇರಿಗೂ ಸುವರ್ಣಾವತಿಗೂ ಇರುವ ಅಂತರವು ಇಂಥದೇ. ಎಲ್ಲಕ್ಕಿಂತ ಗಮನಾರ್ಹವಾದುದು, ಆಳುಗಳಿಲ್ಲದೆ ಅಥವಾ ದುರಸ್ತಿಯಿಲ್ಲದೆ ನಾವೆ ಕೆಟ್ಟರೆ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕೆಂಬ ಕಟ್ಟಳೆ. ಗಡಿಯ ಕಡವಿನಲ್ಲಾದರೋ ಸುಂಕವನ್ನೂ ವಸೂಲು ಮಾಡಿ, ಮುದ್ರೆಯಿಲ್ಲದೆ ಹೊರಹೋಗುವವನ ಸರಕನ್ನು ಕಿತ್ತುಕೊಳ್ಳಬೇಕು. ಅಂಬಿಗನು ಅಲ್ಲಿ ಅರ್ಧ ಸುಂಕದ ಅಧಿಕಾರಿ!

ಕೊಳ್ಳೇಗಾಲದ ಕಡವುಗಳು 1956ರವರೆಗೆ ಇಂಥ ಗಡಿಯ ಕಡವುಗಳೇ ಆಗಿದ್ದುವು. ಬಲದಂಡೆಯ ಕೊಳ್ಳೇಗಾಲ ತಾಲ್ಲೂಕು (ಇಂದಿನ ಹನೂರೂ ಅದರಲ್ಲಿಯೇ ಸೇರಿತ್ತು) ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎದುರು ದಂಡೆಯ ತಿರುಮಕೂಡಲು ನರಸೀಪುರ, ಮಳವಳ್ಳಿಗಳು ಮೈಸೂರು ಸಂಸ್ಥಾನದವು. ಯಳಂದೂರು ಬಲಬದಿಯಲ್ಲಿದ್ದರೂ ಮೈಸೂರಿಗೆ ಸೇರಿದ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದತ್ತವಾದ ಜಹಗೀರು. ಮದರಾಸಿನಲ್ಲಿ 1890ರ ಕಾಲುವೆಗಳ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆ ಜಾರಿಗೆ ಬಂದಿತು. ಇಂಥ ಕಾಯಿದೆಗಳ ಕ್ರಮವೆಂದರೆ, ಕಡವನ್ನು ಸರ್ಕಾರವು ಸಾರ್ವಜನಿಕವೆಂದು ಸಾರುವುದು, ದರವನ್ನು ಗೊತ್ತುಪಡಿಸುವುದು, ವಸೂಲಿಯ ಹಕ್ಕನ್ನು ಗುತ್ತಿಗೆಗೆ ಕೊಡುವುದು. ಆದರೆ ಮದರಾಸಿನ ಕಾಯಿದೆ ಮೈಸೂರಿನ ದಂಡೆಯಲ್ಲಿ ನಡೆಯದು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಬೇರೆ ಕಡೆ ಇಳಿಸಬಹುದು. ಇಂಥ ವಾಹನವನ್ನು ಗೊತ್ತಾದ ಒಂದು ಕಟ್ಟೆಗೆ ಕಟ್ಟಿಹಾಕುವುದು ಯಾವ ಅಮಲ್ದಾರನಿಗಾದರೂ ಸುಲಭವಲ್ಲ.

ಕಡವಿನ ಮಹತ್ತ್ವವನ್ನು ಕುಗ್ಗಿಸಿದುದು ಕಾಯಿದೆಯಲ್ಲ, ಸೇತುವೆ. ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆಯನ್ನು ಕಟ್ಟಿಸಿದರು. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಅದೇ ಶತಮಾನದ ಪೂರ್ವಾರ್ಧದಲ್ಲಿ ದ್ವೀಪವನ್ನು ಎರಡು ದಂಡೆಗಳಿಗೂ ಸೇರಿಸುವ ಕಲ್ಲುಸೇತುವೆಗಳ ಕಾರ್ಯವನ್ನು ನೆರವೇರಿಸಿ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನು ಪಡೆದರು. ಗಾಡಿಗಳು ಸೇತುವೆಯನ್ನು ಹಿಡಿದುವು. ಹರಿಗೋಲಿಗೆ ಉಳಿದವರು ಕಾಲುನಡೆಯವರು.

1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಾಗ ತಲಕಾಡಿನ ಕೆಳಗಣ ಗಡಿ ಅಳಿಯಿತು. ಆದರೆ ಅದೇ ದಿನ ಹೊಗೇನಕಲ್ಲಿನಲ್ಲಿ ಹೊಸದೊಂದು ಗಡಿ ಹುಟ್ಟಿತೆಂಬುದನ್ನು ಸಾಮಾನ್ಯವಾಗಿ ಯಾರೂ ಲಕ್ಷಿಸಿಲ್ಲ. ಅದುವರೆಗೆ ಅಲ್ಲಿನ ಎರಡು ದಂಡೆಗಳೂ ಮದರಾಸಿನವು. ಅಂದಿನಿಂದ ಗೋಪಿನಾಥಂ ಬದಿ ಒಂದು ರಾಜ್ಯಕ್ಕೂ ಪೆನ್ನಾಗರಂ ಬದಿ ಇನ್ನೊಂದು ರಾಜ್ಯಕ್ಕೂ ಸೇರಿದುವು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕಡವುಗಳು ರಾಜ್ಯಪಟ್ಟಿಯ ವಿಷಯ. ಆದುದರಿಂದ ಹಳೆಯ ತೊಡಕು ನೀರಿನೊಡನೆ ಕೆಳಗೆ ಸರಿಯಿತೇ ಹೊರತು ತೀರಲಿಲ್ಲ.

1917ರ ಒಳನಾಡು ಹಡಗುಗಳ ಕಾಯಿದೆ ನೋಂದಣಿ, ತಪಾಸಣೆ, ಚಾಲಕನ ಅರ್ಹತಾಪತ್ರಗಳನ್ನು ವಿಧಿಸಿತಾದರೂ ಅದು ಯಂತ್ರದಿಂದ ನಡೆಯುವ ಹಡಗುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹುಟ್ಟು ಹಾಕುವ ಹರಿಗೋಲು ಅದರ ಕಣ್ಣಿಗೆ ಬೀಳಲಿಲ್ಲ. ಅದರ ಸ್ಥಾನದಲ್ಲಿ ಬಂದ 2021ರ ಕಾಯಿದೆ ಯಂತ್ರರಹಿತ ದೋಣಿಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟು, ಅವುಗಳ ದಾಖಲಾತಿಯನ್ನೂ ರಕ್ಷಣಾಸಾಮಗ್ರಿಯನ್ನೂ ಕುರಿತ ಕ್ರಮಗಳನ್ನು ರಾಜ್ಯಸರ್ಕಾರಗಳಿಗೆ ಒಪ್ಪಿಸಿದೆ. ನಾವಧ್ಯಕ್ಷನ ಹಳೆಯ ಹೊಣೆಯ ಛಾಯೆ ಇದರಲ್ಲಿದೆ. ಆದರೆ ಹೊಗೇನಕಲ್ಲಿನಲ್ಲಿ ಆಡಳಿತದ ಕೈ ಜನರಿಗೆ ಸ್ಪಷ್ಟವಾಗಿ ಕಾಣುವುದು ಮೇಲಣ ಅಣೆಕಟ್ಟುಗಳಿಂದ ನೀರು ಬಿಟ್ಟು ಪ್ರವಾಹವೇರಿದ ದಿನಗಳಲ್ಲಿ, ಹರಿಗೋಲುಗಳನ್ನು ನಿಲ್ಲಿಸುವ ಆಜ್ಞೆಯಿಂದ. ನೀರು ಇಳಿದ ಮೇಲೆ ಎರಡು ದಂಡೆಗಳ ಅಂಬಿಗರೂ ಮತ್ತೆ ಹೊಳೆಗಿಳಿಯುತ್ತಾರೆ. ಎರಡು ರಾಜ್ಯಗಳ ಅಧಿಕಾರವೂ ಆಗ ನಡುನೀರಿನಲ್ಲಿ ಸಂಧಿಸುತ್ತದೆ.