ಶೆಲ್ ಆವೃತ್ತಿ ಚರಗಳು ಮತ್ತು ಸೌಲಭ್ಯ ಪತ್ತೆ

ಶೆಲ್ ಆವೃತ್ತಿ ಚರ ಎಂಬುದು ಶೆಲ್ ತನ್ನ ಆವೃತ್ತಿಯ ಸಂಖ್ಯೆಯನ್ನು ಇರಿಸಿಕೊಂಡಿರುವ ಚರ. ಶೆಲ್ ಎಂದರೆ ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಬಳಕೆದಾರರ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶ. ಬ್ಯಾಷ್ ಶೆಲ್ಲಿನ 'ಬ್ಯಾಷ್_ವರ್ಷನ್' ಇಂತಹ ಒಂದು ಚರ. ಆದೇಶಗಳ ಸರಣಿಯಾದ ಸ್ಕ್ರಿಪ್ಟ್, ತನಗೆ ಬೇಕಾದ ಸೌಲಭ್ಯವಿದೆಯೇ ಎಂಬುದನ್ನು ಈ ಸಂಖ್ಯೆಯಿಂದ ಊಹಿಸಬಹುದು. ಅಥವಾ ಆ ಸೌಲಭ್ಯವನ್ನೇ ಒಮ್ಮೆ ಪ್ರಯೋಗಿಸಿ ನೋಡಬಹುದು. ಎರಡನೆಯದೇ ಹೆಚ್ಚು ನಂಬಲರ್ಹ.

ಸಂಖ್ಯೆಯ ಮಿತಿಗಳು

ಯೂನಿಕೋಡ್ ಸಂಕೇತದಿಂದ ಅಕ್ಷರ ಮೂಡಿಸುವ ಸೌಲಭ್ಯ ಬ್ಯಾಷ್‌ಗೆ ಸೇರಿದ್ದು 2011ರ 4.2ನೆಯ ಆವೃತ್ತಿಯಲ್ಲಿ. 'ಕ' ಅಕ್ಷರದ ಸಂಕೇತ 0ಸಿ95. ಆವೃತ್ತಿ 4.2 ಅಥವಾ ಅದಕ್ಕಿಂತ ಹೊಸದೆಂದು ಖಚಿತಪಡಿಸಿಕೊಂಡು ಸ್ಕ್ರಿಪ್ಟ್ ಈ ಸಂಕೇತವನ್ನು ಮುದ್ರಿಸಹೊರಟರೂ, ಗಣಕದ ಭಾಷಾ ವ್ಯವಸ್ಥೆ ಯುಟಿಎಫ್-8 ಆಗಿರದೆ 'ಸಿ' ಎಂದಿದ್ದರೆ ಪರದೆಯ ಮೇಲೆ 'ಕ' ಮೂಡುವುದಿಲ್ಲ. ಸಂಖ್ಯೆ ಸರಿಯಾಗಿಯೇ ಇದೆ, ಕನ್ನಡ ಮಾತ್ರ ಇಲ್ಲ. ಒಂದು ಅಕ್ಷರವನ್ನು ಮೂಡಿಸಿ, ಬಂದದ್ದನ್ನು ನಿಜವಾದ 'ಕ'ದೊಡನೆ ಹೋಲಿಸಿದರೆ ವಿಷಯ ಕೂಡಲೇ ತಿಳಿಯುತ್ತದೆ.

2014ರ ಸೆಪ್ಟೆಂಬರಿನಲ್ಲಿ ಬಯಲಾದ 'ಶೆಲ್‌ಶಾಕ್' ಎಂಬ ಭದ್ರತಾ ದೋಷವೂ ಇದನ್ನೇ ತೋರಿಸಿತು. ಲಿನಕ್ಸ್ ವಿತರಕರು ತಾವು ನೀಡುತ್ತಿದ್ದ ಹಳೆಯ ಬ್ಯಾಷ್ ಆವೃತ್ತಿಗಳಿಗೇ ತಿದ್ದುಪಡಿ ಸೇರಿಸಿದರು. ಆದ್ದರಿಂದ ಮುಖ್ಯ ಸಂಖ್ಯೆಯನ್ನಷ್ಟೇ ನೋಡಿ ಗಣಕ ಸುರಕ್ಷಿತವೋ ಅಲ್ಲವೋ ಎಂದು ಹೇಳಲಾಗುತ್ತಿರಲಿಲ್ಲ. ಆಗ ಎಲ್ಲೆಡೆ ಹರಡಿದ್ದು ದೋಷವನ್ನೇ ಕೆಣಕಿ ನೋಡುವ ಒಂದು ಸಾಲಿನ ಪರೀಕ್ಷೆ.

ಡ್ಯಾಷ್ ಶೆಲ್ಲಿನಲ್ಲಿ ಆವೃತ್ತಿ ಚರವೇ ಇಲ್ಲ. ಉಬುಂಟು 2006ರಿಂದ 'ಎಸ್‌ಎಚ್' ಹೆಸರಿನಲ್ಲಿ ನೀಡುತ್ತಿರುವುದು ಇದನ್ನೇ. ಇನ್ನು ಸಂಖ್ಯೆಗಳನ್ನು ಅಕ್ಷರಮಾಲೆಯಂತೆ ಹೋಲಿಸುವ ಸ್ಕ್ರಿಪ್ಟ್‌ಗೆ 10 ಎಂಬುದು 9ಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಪ್ರಯೋಗದ ಕ್ರಮ

ಪರೀಕ್ಷೆಯನ್ನು ಉಪಶೆಲ್ಲಿನಲ್ಲಿ ನಡೆಸಬೇಕು. ಅದು ಸೋತರೂ ಮುಖ್ಯ ಸ್ಕ್ರಿಪ್ಟ್ ಉಳಿಯುತ್ತದೆ. ಹೊಸ ವ್ಯಾಕರಣ ರೂಪವಾದರೆ ಅದನ್ನು 'ಇವಾಲ್' ಆದೇಶದೊಳಗೆ ಇಡಬೇಕು, ಇಲ್ಲವಾದರೆ ಹಳೆಯ ಶೆಲ್ ಅದನ್ನು ಓದುವಾಗಲೇ ಎಡವುತ್ತದೆ.

ಆವೃತ್ತಿ ಚರ ನಿರುಪಯುಕ್ತವೇನಲ್ಲ. ಪ್ರಯೋಗಿಸಿದರೆ ಹಾನಿಯಾಗುವಂತಹ ದೋಷವನ್ನು ತಪ್ಪಿಸಲು ಅದೇ ಆಧಾರ. ಮ್ಯಾಕ್ ಗಣಕಗಳೊಡನೆ ಇಂದಿಗೂ ಬರುವ ಬ್ಯಾಷ್ 3.2ರಲ್ಲಿ, 2009ರ 4.0ರಲ್ಲಿ ಬಂದ ಪದಸೂಚಿತ ಸರಣಿಗಳಿಲ್ಲ. ಅಲ್ಲಿ 'ಬ್ಯಾಷ್ 4 ಬೇಕು' ಎಂದು ಬಳಕೆದಾರರಿಗೆ ಮೊದಲೇ ತಿಳಿಸಿ ನಿಲ್ಲುವುದು ಸ್ಪಷ್ಟವಾದ ದಾರಿ.