ಫೌಂಟನ್ ಹೌಸ್

ತೀವ್ರ ಮಾನಸಿಕ ಕಾಯಿಲೆ ಇರುವ ವಯಸ್ಕರು ಊರಿನ ನಡುವೆಯೇ ಬದುಕಿ ದುಡಿಯಲು ನೆರವಾಗುವ ನ್ಯೂಯಾರ್ಕ್ ನಗರದ ಸಂಸ್ಥೆ. ಮುಂದೆ ಅನೇಕ ದೇಶಗಳಿಗೆ ಹಬ್ಬಿದ ‘ಕ್ಲಬ್‌ಹೌಸ್’ ಎಂಬ ಪುನರ್ವಸತಿ ಪದ್ಧತಿ ರೂಪುಗೊಂಡದ್ದು ಇಲ್ಲಿ. ಸ್ಕಿಜೋಫ್ರೇನಿಯ, ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆಯ ಚಿಕಿತ್ಸೆ ಪಡೆದವರನ್ನು ಇಲ್ಲಿ ಸದಸ್ಯರೆಂದು ಕರೆಯುತ್ತಾರೆ.

ಇದನ್ನು ಹುಟ್ಟುಹಾಕಿದವರು ವೈದ್ಯರಲ್ಲ ಎಂಬುದನ್ನು ನೆನಪಿಡಬೇಕು. 1940ರ ದಶಕದ ಆರಂಭದಲ್ಲಿ ರಾಕ್‌ಲ್ಯಾಂಡ್ ಸ್ಟೇಟ್ ಆಸ್ಪತ್ರೆಯಲ್ಲಿದ್ದ ಕೆಲವು ರೋಗಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಗುಂಪು ಕಟ್ಟಿಕೊಂಡಿದ್ದರು. ಬಿಡುಗಡೆಯಾಗಿ ನಗರಕ್ಕೆ ಬಂದ ಮೇಲೂ ಭೇಟಿ ನಿಲ್ಲಿಸದೆ, ತಾವು ಒಂಟಿಗಳಲ್ಲ ಎಂದು ಸಾರುವ ಹೆಸರನ್ನೇ ಗುಂಪಿಗೆ ಇಟ್ಟರು. ಮನೋವಿಕಾರಕ್ಕೆ ಪರಿಣಾಮಕಾರಿ ಮಾತ್ರೆಗಳು ಇನ್ನೂ ಬಂದಿರದ ಕಾಲ ಅದು. ಹಿತೈಷಿಗಳ ಸಹಾಯದಿಂದ 1948ರಲ್ಲಿ ಮ್ಯಾನ್‌ಹಟನ್‌ನ ಪಶ್ಚಿಮ 47ನೇ ಬೀದಿಯಲ್ಲಿ ಒಂದು ಮನೆ ಸಿಕ್ಕಿತು. ಅದರ ಹಿತ್ತಲಲ್ಲಿದ್ದ ಕಾರಂಜಿಯಿಂದ ಸಂಸ್ಥೆಗೆ ಈ ಹೆಸರು ಬಂತು.

1955ರಲ್ಲಿ ನಿರ್ದೇಶಕರಾಗಿ ಬಂದ ಸಮಾಜಕಾರ್ಯಕರ್ತ ಜಾನ್ ಬಿಯರ್ಡ್, ಜೊತೆಗೂಡಿ ಹರಟುವ ತಾಣವಾಗಿದ್ದ ಮನೆಯನ್ನು ಜೊತೆಗೂಡಿ ದುಡಿಯುವ ತಾಣವಾಗಿ ಬೆಳೆಸಿದರು. ಅಡುಗೆ, ಸ್ವಾಗತ ಕೌಂಟರ್, ಲೆಕ್ಕಪತ್ರ, ತೋಟ, ಹೊಸಬರಿಗೆ ಮನೆ ತೋರಿಸುವುದು ಎಲ್ಲವನ್ನೂ ಸದಸ್ಯರು ಮತ್ತು ಸಿಬ್ಬಂದಿ ಹಂಚಿಕೊಂಡು ಮಾಡುತ್ತಾರೆ. ಸಿಬ್ಬಂದಿಯ ಸಂಖ್ಯೆಯನ್ನು ಬೇಕೆಂದೇ ಕಡಿಮೆ ಇಡಲಾಗುತ್ತದೆ. ಸದಸ್ಯರು ಕೈಜೋಡಿಸದಿದ್ದರೆ ಮಧ್ಯಾಹ್ನದ ಊಟ ಸಿದ್ಧವಾಗುವುದಿಲ್ಲ. ಈ ಪದ್ಧತಿಯ ಜೀವಾಳ ಇಲ್ಲಿದೆ. ವರ್ಷಗಟ್ಟಲೆ ಪರರ ಆರೈಕೆಯಲ್ಲೇ ಇದ್ದ ವ್ಯಕ್ತಿಗೆ, ತಾನು ಬರದಿದ್ದರೆ ಯಾರಿಗೋ ತೊಂದರೆಯಾಗುತ್ತದೆ ಎಂಬ ಅರಿವು ಬಹು ದೊಡ್ಡದು. ಸಿಬ್ಬಂದಿಗೆ ಮಾತ್ರ ಮೀಸಲಾದ ಕೋಣೆಯಾಗಲಿ ಸಭೆಯಾಗಲಿ ಇರುವುದಿಲ್ಲ. ಸದಸ್ಯತ್ವಕ್ಕೆ ಬಲವಂತವೂ ಇಲ್ಲ, ಅವಧಿಯ ಮಿತಿಯೂ ಇಲ್ಲ.

ಹೊರಗಿನ ಉದ್ಯೋಗಕ್ಕೆ ಬಿಯರ್ಡ್ ಕಾಲದಲ್ಲೇ ಒಂದು ಜಾಣ ಏರ್ಪಾಡು ಬೆಳೆಯಿತು. ವ್ಯಾಪಾರ ಸಂಸ್ಥೆಯೊಂದು ತನ್ನಲ್ಲಿನ ಒಂದು ಹುದ್ದೆಯನ್ನು ಕ್ಲಬ್‌ಹೌಸ್‌ಗೆ ಬಿಟ್ಟುಕೊಡುತ್ತದೆ. ಆ ಕೆಲಸವನ್ನು ಸಿಬ್ಬಂದಿಯೊಬ್ಬರು ಮೊದಲು ತಾವೇ ಕಲಿತು, ಆಮೇಲೆ ಸದಸ್ಯರಿಗೆ ಕಲಿಸುತ್ತಾರೆ. ಸದಸ್ಯರು ಕಾಯಿಲೆಯಿಂದ ಒಂದು ದಿನ ಏಳಲಾಗದಿದ್ದರೆ ಕ್ಲಬ್‌ಹೌಸ್‌ನಿಂದ ಬೇರೊಬ್ಬರು ಹೋಗಿ ಕೆಲಸ ಮುಗಿಸುತ್ತಾರೆ. ಹೀಗಾಗಿ ಮಾಲೀಕರಿಗೆ ನಷ್ಟದ ಭಯವಿಲ್ಲ, ಸದಸ್ಯರಿಗೆ ಕೆಲಸ ಹೋದೀತೆಂಬ ದಿಗಿಲಿಲ್ಲ. ಅರೆಕಾಲಿಕವಾದ ಈ ಕೆಲಸ ಸಾಮಾನ್ಯವಾಗಿ 6ರಿಂದ 9 ತಿಂಗಳು ನಡೆಯುತ್ತದೆ. ಇತರರಿಗೆ ಸಿಗುವಷ್ಟೇ ಕೂಲಿಯನ್ನು ಮಾಲೀಕರು ನೇರವಾಗಿ ಕೊಡುತ್ತಾರೆ.

ಪದ್ಧತಿ ನಮ್ಮ ಉಪಖಂಡಕ್ಕೂ ಬೇಗನೆ ಬಂತು: 1971ರಲ್ಲಿ ಲಾಹೋರಿನಲ್ಲಿ ಇದೇ ಹೆಸರಿನ ಸಂಸ್ಥೆ ಆರಂಭವಾಯಿತು. 1994ರಲ್ಲಿ ಕ್ಲಬ್‌ಹೌಸ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ರಚನೆಯಾಯಿತು. ಫೌಂಟನ್ ಹೌಸ್ ಮತ್ತು ಈ ಒಕ್ಕೂಟಕ್ಕೆ 2014ರ ಕಾನ್ರಾಡ್ ಹಿಲ್ಟನ್ ಮಾನವೀಯ ಪ್ರಶಸ್ತಿ ಸಂದಿತು.

ತಾತ್ಕಾಲಿಕ ಹುದ್ದೆಗಳ ಬಗ್ಗೆ ಆಕ್ಷೇಪಗಳೂ ಇವೆ. ಸದಸ್ಯರಿಗೆ ತಮ್ಮದೇ ಆದ ಖಾಯಂ ಕೆಲಸ ಏಕೆ ಬೇಡ ಎಂಬ ಪ್ರಶ್ನೆ ನ್ಯಾಯವಾದದ್ದು. 1990ರ ದಶಕದಲ್ಲಿ ಅಮೆರಿಕದ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ರೂಪಿಸಿದ ಕ್ರಮದಲ್ಲಿ ದೀರ್ಘ ತರಬೇತಿಯ ಹಂತವೇ ಇಲ್ಲ. ದುಡಿಯುವ ಇಚ್ಛೆಯೊಂದೇ ಅಲ್ಲಿ ಅರ್ಹತೆ. ವ್ಯಕ್ತಿ ಇಷ್ಟಪಡುವ ಸಾಮಾನ್ಯ ಕೆಲಸವನ್ನು ಕೂಡಲೇ ಹುಡುಕಿ, ಸೇರಿದ ಮೇಲೆ ಬೆಂಬಲ ಮುಂದುವರಿಸುತ್ತಾರೆ. ಯುರೋಪಿನ 6 ನಗರಗಳಲ್ಲಿ 312 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ನೆರವು ಪಡೆದವರಲ್ಲಿ ಶೇ. 55 ಮಂದಿಗೆ ಕೆಲಸ ದೊರೆಯಿತು. ಮೊದಲು ತರಬೇತಿ ಕೊಡುವ ಹಳೆಯ ಕ್ರಮದಲ್ಲಿ ದೊರೆತದ್ದು ಶೇ. 28 ಮಂದಿಗೆ. ಇಂದಿನ ಕ್ಲಬ್‌ಹೌಸ್‌ಗಳು ತಾತ್ಕಾಲಿಕ ಹುದ್ದೆಗಳ ಜೊತೆಗೆ ಖಾಯಂ ಉದ್ಯೋಗಕ್ಕೂ ನೆರವು ನೀಡುತ್ತವೆ. ಕೆಲಸ ಸಿಕ್ಕವರು ಸಂಜೆಯ, ರಜಾದಿನದ ಕೂಟಗಳಿಗೆ ಬರಬಹುದು. ಕಾಯಿಲೆ ಮರುಕಳಿಸಿದರೂ ಅವರ ಸದಸ್ಯತ್ವ ಹಾಗೆಯೇ ಇರುತ್ತದೆ.