ಯಾವ ಕಾರು ಬೆಸ್ಟ್, ಯಾವುದು ತಲೆನೋವು? ಅಂಜನಾಪುರ, ಶಿಕಾರಿಪುರ, ಸೊರಬ ಭಾಗದ ಚಾಲಕರ ಲೆಕ್ಕ ಇಲ್ಲಿದೆ

ಶಿಕಾರಿಪುರ: ಮಳೆಗಾಲದಲ್ಲಿ ಅಂಜನಾಪುರ ಜಲಾಶಯ ತುಂಬಿದರೆ ಡ್ಯಾಂ ರಸ್ತೆಯಲ್ಲಿ ಕಾರುಗಳ ಸಾಲು. ಪ್ರವಾಸಿಗರು ನೀರು ನೋಡಲು ಹೋದರೆ ಚಾಲಕರು ಗಾಡಿ ಪಕ್ಕದಲ್ಲೇ ನಿಂತು ಮಾತಿಗಿಳೀತಾರೆ. ಇಂಥ ಕಡೆ ಒಂದು ಪ್ರಶ್ನೆ ಬಂದೇ ಬರುತ್ತೆ. ಇಷ್ಟು ವರ್ಷ ಓಡಿಸಿದ್ದರಲ್ಲಿ ಯಾವ ಗಾಡಿ ಚೆನ್ನಾಗಿತ್ತು, ಯಾವುದು ಕೈ ಕೊಡ್ತು?

ಶೋರೂಂನ ಲೆಕ್ಕ ಬೇರೆ, ಬಾಡಿಗೆ ಚಾಲಕರ ಲೆಕ್ಕ ಬೇರೆ. ಮಧ್ಯರಾತ್ರಿ ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಬೇಕು. ಚಂದ್ರಗುತ್ತಿ, ಸಿಗಂದೂರು, ಧರ್ಮಸ್ಥಳಕ್ಕೆ ಮನೆಮಂದಿಯನ್ನೆಲ್ಲ ಒಯ್ಯಬೇಕು. ಕೆಟ್ಟರೆ ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ರಿಪೇರಿ ಆಗಬೇಕು. ಸಾಲದ ಕಂತು ತಪ್ಪಬಾರದು. ಈ ಪರೀಕ್ಷೆಯಲ್ಲಿ ಪಾಸಾದ ಗಾಡಿಗಳಾವುವು, ಫೇಲಾದವು ಯಾವುವು? ಇಲ್ಲಿದೆ ಮಾಹಿತಿ.

ಅಂಬಾಸಿಡರ್: ಗಟ್ಟಿ, ಆದರೆ ಬ್ರೇಕ್ ಬಿಗಿ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಅಂಬಾಸಿಡರ್, 1950ರ ದಶಕದ ಕೊನೆಯಿಂದ 2014ರ ಮೇವರೆಗೆ ಬಂತು. ಹಿಂದೆ ಪಟ್ಟಿ ಸ್ಪ್ರಿಂಗು, ದೊಡ್ಡ ಡಿಕ್ಕಿ, ಅಗಲವಾದ ಸೀಟು. ಎಷ್ಟು ಜನ ಹತ್ತಿದರೂ ಬೇಡ ಅನ್ನದ ಗಾಡಿ. ಸ್ಪ್ಯಾನರ್ ಹಿಡಿಯಲು ಬಂದವರು ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದಿತ್ತು.

ಹಳೆ ಚಾಲಕರ ದೂರೂ ಕಮ್ಮಿಯಿಲ್ಲ. ಸ್ಟೇರಿಂಗ್ ಪಕ್ಕದ ಗೇರು, ಬಿಗಿ ಬ್ರೇಕು, ಏರು ಹತ್ತುವಾಗ ಕುದಿಯುವ ರೇಡಿಯೇಟರ್. ಆಗುಂಬೆ ಘಾಟಿಯಂಥ ಕಡೆ ನೀರಿನ ಕ್ಯಾನ್ ಇಲ್ಲದೆ ಹೊರಡುವವರು ಕಡಿಮೆ.

ಮಾರುತಿ 800, ಓಮ್ನಿ: ಖರ್ಚು ಕಮ್ಮಿ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಚಾಲಕರ ಅಭ್ಯಾಸವನ್ನೇ ಬದಲಿಸಿತು. 796 ಸಿಸಿ ಎಂಜಿನ್, ಹಗುರ ಸ್ಟೇರಿಂಗು, ಕೀ ತಿರುಗಿಸಿದರೆ ಸ್ಟಾರ್ಟು. ಮರುವರ್ಷ ಬಂದ ವ್ಯಾನ್ ಮುಂದೆ ಓಮ್ನಿ ಎಂದು ಹೆಸರಾಗಿ ಹಳ್ಳಿಗಳಲ್ಲಿ ಶಾಲಾ ಗಾಡಿಯೂ ಆಯ್ತು, ಆಂಬುಲೆನ್ಸೂ ಆಯ್ತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಬಿಡಿಭಾಗ ಎಲ್ಲ ಕಡೆ ಸಿಗುತ್ತೆ, ಅದೂ ಅಗ್ಗ. ಹೆಚ್ಚು ಜನ ತುಂಬಿದರೆ ಏರಿನಲ್ಲಿ ಉಸಿರು ಕಟ್ಟುತ್ತೆ, ಅದೊಂದೇ ಕೊರತೆ ಎನ್ನುವವರು ಬಹಳ.

ಸುಮೋ, ಕ್ವಾಲಿಸ್, ಇನ್ನೋವಾ: ಟೂರಿಸ್ಟ್ ಗಾಡಿಗಳ ಕಾಲ

1994ರಲ್ಲಿ ಬಂದ ಟಾಟಾ ಸುಮೋ ಗಟ್ಟಿ ಚಾಸಿಯಿಂದ ಹೆಸರು ಮಾಡಿತು. ಕುಲುಕಾಟ ಜಾಸ್ತಿ ಎಂಬ ದೂರೂ ಜೊತೆಗಿತ್ತು.

2000ರಲ್ಲಿ ನಮ್ಮದೇ ರಾಜ್ಯದ ಬಿಡದಿ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಬಂತು. ಅಂದ ನೋಡಿ ಯಾರೂ ಮೆಚ್ಚಲಿಲ್ಲ, ಪಿಕಪ್ಪೂ ಅಷ್ಟಕ್ಕಷ್ಟೆ. ಆದರೆ ಹೊರಟ ಗಾಡಿ ಮನೆಗೆ ವಾಪಸ್ ಬರುತ್ತೆ ಎಂಬ ನಂಬಿಕೆ ಹುಟ್ಟಿಸಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಇವತ್ತಿಗೂ 'ಬೆಸ್ಟ್ ಗಾಡಿ ಯಾವುದು' ಅಂದರೆ ಹೆಚ್ಚು ಕೇಳಿಬರುವ ಹೆಸರು ಇನ್ನೋವಾದ್ದೇ. ಬೆಲೆ, ಟೈರು, ಸರ್ವೀಸ್ ಎಲ್ಲವೂ ದುಬಾರಿ. ಬಾಡಿಗೆ ಸತತವಾಗಿ ಸಿಕ್ಕರೆ ಮಾತ್ರ ಕೈಗೆ ಹತ್ತುತ್ತೆ.

ಡೀಸೆಲ್ ಕಾರು: ಅನ್ನ ಕೊಟ್ಟಿದ್ದೂ ಇದೇ, ಕಾಡಿದ್ದೂ ಇದೇ

1998ರ ಕೊನೆಯಲ್ಲಿ ಬಿಡುಗಡೆಯಾದ ಇಂಡಿಕಾದ ಮೊದಲ ಗಾಡಿಗಳ ಬಗ್ಗೆ ಗ್ರಾಹಕರ ದೂರು ಹೆಚ್ಚಾದವು. ಕಂಪನಿ ಸುಧಾರಿಸಿದ ವಿ2 ತಂದ ಮೇಲೆ ಅದೇ ಕಾರು ದೇಶದ ಟ್ಯಾಕ್ಸಿ ಸ್ಟ್ಯಾಂಡ್‌ಗಳನ್ನು ತುಂಬಿತು. ಒಳಗೆ ಜಾಗ, ಡೀಸೆಲ್ ಮೈಲೇಜು ಎರಡೂ ಇದ್ದವು. ಗಲಾಟೆ, ಸಣ್ಣಪುಟ್ಟ ರಿಪೇರಿಯೂ ಇದ್ದವು.

ನಂತರ ಬಂದಿದ್ದು ಡಿಸೈರ್, ಇಟಿಯೋಸ್. ಡಿಸೈರ್‌ನಲ್ಲಿದ್ದ 1.3 ಲೀಟರ್ ಡೀಸೆಲ್ ಎಂಜಿನ್ ಮೂಲತಃ ಫಿಯೆಟ್ ಕಂಪನಿಯದ್ದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ನಿಲ್ಲಿಸಿತು. ಇಟಿಯೋಸ್ ಕೂಡ ಅದೇ ವರ್ಷ ಹೋಯ್ತು.

ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಸ ತಲೆನೋವು ಡಿಪಿಎಫ್. ಇದು ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಮಸಿ ಸುಟ್ಟುಹೋಗಲು ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಅಂಜನಾಪುರದಿಂದ ಶಿಕಾರಿಪುರಕ್ಕೆ ಹೋಗಿ ಬರುವಷ್ಟೇ ಓಡಾಟವಿದ್ದರೆ ಫಿಲ್ಟರ್ ಕಟ್ಟಿಕೊಂಡು ಲೈಟ್ ಹತ್ತುತ್ತೆ. ಸಣ್ಣ ಓಡಾಟದವರಿಗೆ ಪೆಟ್ರೋಲ್ ಗಾಡಿಯೇ ವಾಸಿ.

ನ್ಯಾನೋ: ಬೈಗುಳ ತಿಂದ ಕಾರು

1 ಲಕ್ಷದ ಕಾರು ಎಂದು 2009ರಲ್ಲಿ ಬಂದ ನ್ಯಾನೋಗೆ ಹಿಂಬದಿಯಲ್ಲಿ 624 ಸಿಸಿ ಎಂಜಿನ್. ಮೊದಲ ಮಾದರಿಗಳಲ್ಲಿ ಹಿಂದಿನ ಬಾಗಿಲೇ ತೆರೆಯುತ್ತಿರಲಿಲ್ಲ, ಪೆಟ್ರೋಲ್ ಟ್ಯಾಂಕ್ 15 ಲೀಟರ್. ಕೆಲವು ಕಾರಿಗೆ ಬೆಂಕಿ ಹತ್ತಿದ ಸುದ್ದಿ ಹೆಸರು ಕೆಡಿಸಿತು. ಓಡಿಸಿದವರು ಮಾತ್ರ ಒಳಗಿನ ಜಾಗ, ಇಕ್ಕಟ್ಟಿನಲ್ಲಿ ತಿರುಗುವ ಗುಣ ಹೊಗಳುತ್ತಾರೆ. 2018ರಲ್ಲಿ ತಯಾರಿಕೆ ನಿಂತಿತು.

ಮೆಚ್ಚಿನ ಗಾಡಿ ಜೀವ ಉಳಿಸುತ್ತಾ?

ಮೈಲೇಜು, ಜಾಗ, ರಿಪೇರಿ ಲೆಕ್ಕದಲ್ಲಿ ಸುರಕ್ಷತೆ ಮರೆತುಹೋಗುತ್ತೆ. ಓಮ್ನಿಗೆ ಮುಂದೆ ಬಾನೆಟ್ ಇಲ್ಲ. ಡಿಕ್ಕಿಯಾದರೆ ಪೆಟ್ಟು ಮೊದಲು ಬೀಳುವುದು ಚಾಲಕನ ಕಾಲಿಗೆ. ಸುಮೋದಲ್ಲಿ ಹಿಂದೆ ಎದುರುಬದುರು ಕೂತವರಿಗೆ ಬೆಲ್ಟ್ ಇರಲಿಲ್ಲ.

2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದಾಗ ಆಲ್ಟೋ 800, ನ್ಯಾನೋ, ಐ10, ಫಿಗೋ ಹಾಗೂ ಪೋಲೋದ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಆಮೇಲೆ ನಿಯಮ ಬಿಗಿಯಾಯ್ತು. 2019ರ ಏಪ್ರಿಲ್‌ನಿಂದ ಎಬಿಎಸ್, ಜುಲೈನಿಂದ ಚಾಲಕನ ಏರ್‌ಬ್ಯಾಗ್ ಹೊಸ ಕಾರುಗಳಿಗೆ ಕಡ್ಡಾಯ. ಅದಕ್ಕಿಂತ ಹಳೆಯ ಕಾರಿನ ಕಡಿಮೆ ದರ್ಜೆಯ ಮಾದರಿಗಳಲ್ಲಿ ಇವೆರಡೂ ಇಲ್ಲದಿರಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಿ

- ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ.
- ಮಲೆನಾಡಿನ ಮಳೆಗೆ ತುಕ್ಕು ಬೇಗ. ಮ್ಯಾಟ್ ಎತ್ತಿ, ಗಾಡಿ ಕೆಳಗೆ ಬಗ್ಗಿ ನೋಡಿ.
- ಆರ್‌ಸಿ, ಇನ್ಶೂರೆನ್ಸ್, ಹಳದಿ ಬೋರ್ಡ್ ಆದರೆ ಎಫ್‌ಸಿ, ಪರ್ಮಿಟ್ ಪರಿಶೀಲಿಸಿ. ಸಾಲ ತೀರಿದೆಯೇ ಕೇಳಿ.
- ಏರ್‌ಬ್ಯಾಗ್, ಎಬಿಎಸ್ ಇದೆಯೇ? ಕೀ ಹಾಕಿದಾಗ ಅವುಗಳ ಲೈಟ್ ಹತ್ತಿ ಆರಬೇಕು.
- ಹಿಂದಿನ ಸೀಟಿನ ಬೆಲ್ಟ್ ಎಳೆದು ನೋಡಿ. ಮೆಗ್ಗಾನ್‌ಗೆ ಹೊರಟ ರಾತ್ರಿ ಮನೆಯವರು ಕೂರುವುದು ಅಲ್ಲೇ.